ರೀಲು ಓದಬಲ್ಲ ಕೈಗಳು

ಹಳೆಯ ಸಿನಿಮಾಗಳ ರುಚಿ ಹತ್ತಿದವರಿಗೆ ಕಥೆಯ ಜೊತೆಗೆ ಪ್ರಿಂಟನ್ನೂ ನೋಡುವ ಅಭ್ಯಾಸ ಮೆಲ್ಲಗೆ ಅಂಟಿಕೊಳ್ಳುತ್ತದೆ. ಹತ್ತು ಹನ್ನೊಂದು ನಿಮಿಷಕ್ಕೊಮ್ಮೆ ಪರದೆಯ ಬಲಗಡೆ, ಮೇಲಿನ ಮೂಲೆಯಲ್ಲಿ ಒಂದು ಚುಕ್ಕೆ ಬಂದು ಹೋಗುತ್ತದೆ. ಕೆಲವೇ ಸೆಕೆಂಡಿಗೆ ಇನ್ನೊಂದು. ಮೊದಲನೆಯದು ಎರಡನೇ ಪ್ರೊಜೆಕ್ಟರ್‌ನ ಮೋಟಾರ್ ಚಾಲೂ ಮಾಡು ಎಂದು ಆಪರೇಟರ್‌ಗೆ ಸೂಚನೆ, ಎರಡನೆಯದು ರೀಲು ಬದಲಿಸು ಎಂದು. ಜಗಳೂರಿನಂಥ ಊರುಗಳಲ್ಲಿ ಡೇರೆ ಹಾಕುತ್ತಿದ್ದ ಟೂರಿಂಗ್ ಟಾಕೀಸ್‌ಗಳಲ್ಲಿ ಸಾಮಾನ್ಯವಾಗಿ ಇರುತ್ತಿದ್ದುದು ಒಂದೇ ಪ್ರೊಜೆಕ್ಟರ್. ಚುಕ್ಕೆ ಬಂತೆಂದರೆ ಇನ್ನೇನು ದೀಪ ಹತ್ತಿ, ಶೇಂಗಾ ಮಾರುವವರು ಎದ್ದರೆಂದೇ ಅರ್ಥ. ಬೆಂಗಳೂರು, ದಾವಣಗೆರೆ, ಚಿತ್ರದುರ್ಗಗಳಲ್ಲಿ ಓಡಿ ಸವೆದ ಪ್ರಿಂಟುಗಳೇ ಕೊನೆಗೆ ನಮ್ಮ ಪಾಲಿಗೆ ಬರುತ್ತಿದ್ದವು. ಪರದೆಯ ತುಂಬ ಗೆರೆ. ಮಳೆ ಬೀಳ್ತೈತಿ ಅಂತ ಜನ ಕೂಗುತ್ತಿದ್ದರು.

ಆ ಗೆರೆಗಳನ್ನೂ ಓದಬಹುದು. ಪ್ರಿಂಟಿನ ಬೆನ್ನು ಗೀರಿದ್ದರೆ ಪರದೆಯ ಮೇಲೆ ಕಪ್ಪು ಗೆರೆ. ಚಿತ್ರ ಮೂಡಿರುವ ಪದರವೇ ಕೆರೆದುಹೋಗಿದ್ದರೆ ಬಿಳಿ ಗೆರೆ. ಬಣ್ಣದ ಪ್ರಿಂಟಾದರೆ ಮೊದಲು ಹಸಿರು ಗೆರೆ. ಬೆನ್ನಿನ ಗೀರಿಗೆ ಮದ್ದುಂಟು. ಬೆಳಕನ್ನು ಫಿಲ್ಮಿನಷ್ಟೇ ಬಗ್ಗಿಸುವ ಒಂದು ದ್ರವದಲ್ಲಿ ಅದ್ದಿಕೊಂಡೇ ಸ್ಕ್ಯಾನ್ ಮಾಡಿದರೆ ಆ ದ್ರವ ಗೀರನ್ನು ತುಂಬಿಬಿಡುತ್ತದೆ, ಗೆರೆ ಕಾಣುವುದೇ ಇಲ್ಲ. ಚಿತ್ರದ ಪದರ ಹರಿದಿದ್ದರೆ ಹಾಗಲ್ಲ. ಅಲ್ಲಿದ್ದುದು ಹೋಗಿಯೇ ಬಿಟ್ಟಿದೆ. ಹಿಂದಿನ ಅಥವಾ ಮುಂದಿನ ಫ್ರೇಮಿನಿಂದ ಕಡ ತಂದು ಆ ಜಾಗ ತುಂಬಬೇಕು. ಸೆಕೆಂಡಿಗೆ 24 ಫ್ರೇಮ್. ಎರಡೂವರೆ ಗಂಟೆಯ ಸಿನಿಮಾಕ್ಕೆ 2,16,000 ಫ್ರೇಮ್. ಪುನರುಜ್ಜೀವನ ಎಂಬ ದೊಡ್ಡ ಮಾತಿನ ಒಳಗಿರುವುದು ಈ ಒಂದೊಂದು ಫ್ರೇಮಿನ ಎದುರು ಕೂರುವ ತಾಳ್ಮೆ.

ಆ ತಾಳ್ಮೆ ಏನು ಮಾಡಬಲ್ಲದು ಎಂಬುದಕ್ಕೆ ಕನ್ನಡದ್ದೇ ಸಾಕ್ಷಿ ಈಗ ನಮ್ಮ ಮುಂದಿದೆ. ಗಿರೀಶ ಕಾಸರವಳ್ಳಿಯವರ ಮೊದಲ ಚಿತ್ರ, 1977ರ ‘ಘಟಶ್ರಾದ್ಧ’, ಹೊಸ 4ಕೆ ರೂಪದಲ್ಲಿ 2024ರ ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ತೆರೆ ಕಂಡಿತು. ಮಾರ್ಟಿನ್ ಸ್ಕಾರ್ಸೆಸಿ ಕಟ್ಟಿದ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಮತ್ತು ಮುಂಬೈನ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಸೇರಿ ಮಾಡಿಸಿದ ಕೆಲಸ ಇದು. ಮೂಲ ನೆಗೆಟಿವ್ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಉಳಿದುಕೊಂಡಿತ್ತು. ಕೆಲಸ ನಡೆದದ್ದು ಇಟಲಿಯ ಬೊಲೋನ್ಯಾದ ಲಿಮ್ಮಾಜಿನೆ ರಿತ್ರೊವಾತಾ ಲ್ಯಾಬಿನಲ್ಲಿ. ಎಸ್. ರಾಮಚಂದ್ರ ಅವರ ಕ್ಯಾಮೆರಾ ಹಿಡಿದ ಆ ಮಲೆನಾಡ ಅಗ್ರಹಾರದ ಕತ್ತಲನ್ನು ನಾವು ಇಷ್ಟು ವರ್ಷ ಬರೀ ಮಸಿಯಾಗಿಯೇ ನೋಡಿದ್ದೆವು. ಟಿ.ವಿ.ಗೆಂದು ಇಳಿಸಿದ ಪ್ರತಿಗಳಲ್ಲಿ ಬೂದಿ, ಮಸಿ ಎರಡೇ ಬಣ್ಣ. ಆದರೆ ಕಪ್ಪು ಬಿಳುಪಿನ ನೆಗೆಟಿವ್‌ನಲ್ಲಿ ಕತ್ತಲೊಳಗೂ ಮೆಟ್ಟಿಲುಗಳಿರುತ್ತವೆ: ಗೋಡೆಯ ಕಪ್ಪೇ ಬೇರೆ, ಕಂಬದ ಕಪ್ಪೇ ಬೇರೆ, ಕಥೆಯ ಯಮುನಕ್ಕನ ಕೂದಲ ಕಪ್ಪೇ ಬೇರೆ. ನೆಗೆಟಿವ್‌ವರೆಗೆ ಹೋಗದೆ ಸವೆದ ಪ್ರಿಂಟಿನಿಂದ ತೆಗೆದ ಪ್ರತಿಯಲ್ಲಿ ಇದು ಸಿಗುವ ಮಾತೇ ಅಲ್ಲ.

ಇಲ್ಲಿ ಒಂದು ಭೇದವನ್ನು ಬಿಡಿಸಿ ಹೇಳಲೇಬೇಕು. 2014ರಲ್ಲಿ ‘ಕಸ್ತೂರಿ ನಿವಾಸ’ಕ್ಕೆ ಬಣ್ಣ ಹಚ್ಚಿ ಬಿಡುಗಡೆ ಮಾಡಿದರು. ಜನ ಪ್ರೀತಿಯಿಂದ ನೋಡಿದರು. ಆ ಪ್ರೀತಿಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ಅದು ಪುನರುಜ್ಜೀವನವಲ್ಲ. 1971ರಲ್ಲಿ ಆ ಸೆಟ್ಟಿನ ಮೇಲೆ ಲೈಟು ಇಟ್ಟವರು ಕಪ್ಪು ಬಿಳುಪನ್ನೇ ಮನಸ್ಸಿನಲ್ಲಿಟ್ಟುಕೊಂಡು ಇಟ್ಟಿದ್ದರು. 1997ರವರೆಗೆ ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು, ಹಾಗಾಗಿ ದುರ್ಗದ ಕೋಟೆಯಲ್ಲೇ ನಡೆಯುವ ಪುಟ್ಟಣ್ಣ ಕಣಗಾಲರ ‘ನಾಗರಹಾವು’ ನಮಗೆ ಮನೆಯ ಸಿನಿಮಾ. 2018ರಲ್ಲಿ ಅದು 7.1 ಧ್ವನಿಯೊಂದಿಗೆ ಮತ್ತೆ ಬಂತು. ಕೋಟೆಯ ಬಂಡೆಗಳು ಮತ್ತೆ ಬಣ್ಣ ಪಡೆದದ್ದು ಸಂತೋಷದ ವಿಷಯ. ಆದರೂ 1972ರ ಪ್ರೇಕ್ಷಕ ಕೇಳಿದ್ದು ಫಿಲ್ಮಿನ ಅಂಚಿನಲ್ಲಿ ಗೆರೆಯಾಗಿ ಅಚ್ಚಾಗಿದ್ದ ಒಂದೇ ಚಾನೆಲ್‌ನ ಧ್ವನಿ. ಆ ಧ್ವನಿಯನ್ನು ಅದರ ಪಾಡಿಗೆ ಶುದ್ಧಗೊಳಿಸಿದ ಒಂದು ಪ್ರತಿಯೂ ಇರಬೇಕು. ಹೊಸ ರೂಪ ಎಷ್ಟು ಬೇಕಾದರೂ ಬರಲಿ, ಹಳೆಯದು ಹಳೆಯದಾಗಿಯೇ ಸಿಗುವಂತಿರಬೇಕು. ಸಾಫ್ಟ್‌ವೇರ್ ಕೈಗೆ ಬಂದವರು ಮಾಡುವ ದೊಡ್ಡ ಅಪಚಾರವೆಂದರೆ ಫಿಲ್ಮಿನ ಸಹಜ ರವೆಯನ್ನು ಕೊಳೆ ಎಂದುಕೊಂಡು ಒರೆಸಿಹಾಕುವುದು. ಮುಖಗಳೆಲ್ಲ ಮೇಣ ಬಳಿದಂತೆ ನುಣ್ಣಗಾಗಿದ್ದರೆ ಆ ಪ್ರತಿಯನ್ನು ನಂಬಬೇಡಿ. ಎಲ್ಲಿ ಕೈ ಹಿಡಿಯಬೇಕು ಎಂಬ ವಿವೇಕ ಕಲಿತು ಬರುವಂಥದ್ದು, ಮಷಿನ್ನಿನ ಜೊತೆ ಬರುವುದಿಲ್ಲ.

ಕಲಿಸುವ ಕೆಲಸವನ್ನು ಭಾರತದಲ್ಲಿ ಗಂಭೀರವಾಗಿ ಹಿಡಿದವರು ಶಿವೇಂದ್ರ ಸಿಂಗ್ ಡುಂಗರ್‌ಪುರ್. 2014ರಲ್ಲಿ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಕಟ್ಟಿದರು, 2015ರಿಂದ ಅಂತರರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಗಳ ಒಕ್ಕೂಟದ ಜೊತೆಗೂಡಿ ಶಿಬಿರಗಳನ್ನು ನಡೆಸುತ್ತ ಬಂದರು. ಒಂದು ವಾರ, ಹೆಚ್ಚೆಂದರೆ ಹತ್ತು ದಿನ. ಪಾಠದಷ್ಟೇ ಕೈಕೆಲಸವೂ ಇರುತ್ತದೆ: ರೀಲನ್ನು ಅಂಚಿನಲ್ಲೇ ಹಿಡಿದು ಬಿಚ್ಚುವುದು, ಹರಿದ ತೂತುಗಳಿಗೆ ತೇಪೆ ಹಾಕುವುದು, ಹಳೆಯ ಜೋಡಣೆ ಬಿಡಿಸಿ ಹೊಸದಾಗಿ ಅಂಟಿಸುವುದು, ಎಷ್ಟು ಕುಗ್ಗಿದೆ ಎಂದು ಅಳೆಯುವುದು. ಶೇ 1ರಷ್ಟು ಕುಗ್ಗಿದರೂ ಸಾಕು, ಪ್ರೊಜೆಕ್ಟರ್‌ನ ಹಲ್ಲಿಗೆ ತೂತು ಸರಿಯಾಗಿ ಕೂರದೆ ಫಿಲ್ಮು ಹರಿಯುವ ಅಪಾಯ. ಡಬ್ಬದೊಳಗೆ ನೀಲಿ ಕಾಗದದ ಪಟ್ಟಿಯೊಂದನ್ನು ಇಡುತ್ತಾರೆ. ಅಸಿಟೇಟ್ ಫಿಲ್ಮು ಕೊಳೆಯತೊಡಗಿದ್ದರೆ ಅದರಿಂದ ಹೊರಡುವ ಆಮ್ಲಕ್ಕೆ ಆ ಪಟ್ಟಿ ಹಸಿರಾಗುತ್ತದೆ, ಕೆಟ್ಟಿದ್ದು ಹೆಚ್ಚಾದರೆ ಹಳದಿ. ನಮ್ಮ ಕಡೆಯ ಹಳೆಯ ಆಪರೇಟರ್ ಒಬ್ಬರು ಪಟ್ಟಿ ಗಿಟ್ಟಿ ಏನೂ ಇಲ್ಲದೆ ಇದನ್ನೇ ಹೇಳಿದ್ದರು: ‘ಡಬ್ಬ ತೆಗೆದ ಕೂಡ್ಲೆ ಹುಳಿ ವಾಸ್ನೆ ಬಂತಂದ್ರೆ ಆ ರೀಲು ಬಾಳಲ್ಲ ಬಿಡ್ರಿ ಸಾರ್. ಪಕ್ಕದ ಡಬ್ಬಕ್ಕೂ ಹಿಡಿತೈತಿ.’ ಎರಡನೇ ಮಾತೂ ನಿಜ. ಒಂದು ರೀಲಿನ ಆಮ್ಲ ಪಕ್ಕದ ರೀಲನ್ನೂ ಕೊಳೆಸಬಲ್ಲದು. ಅದಕ್ಕೇ ಸಂಗ್ರಹಾಲಯಗಳಲ್ಲಿ ಹುಳಿ ಹಿಡಿದ ಡಬ್ಬಗಳನ್ನು ಬೇರೆ ಇಡುತ್ತಾರೆ.

ಈ ಶಿಬಿರ ಮುಂಬೈಯಲ್ಲಿ ಆಯಿತು, ಪುಣೆಯಲ್ಲಿ ಆಯಿತು. ರಾಷ್ಟ್ರೀಯ ಸಂಗ್ರಹಾಲಯವನ್ನು ಕಟ್ಟಿ ಬೆಳೆಸಿದ ಪಿ.ಕೆ. ನಾಯರ್ 2016ರ ಮಾರ್ಚ್ 4ರಂದು ಪುಣೆಯಲ್ಲಿ ತೀರಿಕೊಂಡಾಗ ಅದೇ ಸಂಗ್ರಹಾಲಯದಲ್ಲಿ ಶಿಬಿರ ನಡೆಯುತ್ತಿತ್ತು. ಆಮೇಲೆ 2017ರಲ್ಲಿ ಚೆನ್ನೈ, 2018ರಲ್ಲಿ ಕೋಲ್ಕತ್ತಾ, 2019ರಲ್ಲಿ ಹೈದರಾಬಾದ್, 2024ರಲ್ಲಿ ತಿರುವನಂತಪುರ. 2024ರವರೆಗಿನ ಈ ಪಟ್ಟಿಯಲ್ಲಿ ಬೆಂಗಳೂರಿನ ಹೆಸರಿಲ್ಲ. ಇದು ನನ್ನನ್ನು ನೋಯಿಸುತ್ತದೆ. ಯಾಕೆಂದರೆ ನಮ್ಮ ನಷ್ಟ ಯಾರ ನಷ್ಟಕ್ಕೂ ಕಡಿಮೆಯದಲ್ಲ. 1934ರ ಮಾರ್ಚ್ 3ರಂದು ಬಿಡುಗಡೆಯಾದ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ದ ಒಂದು ಪ್ರಿಂಟೂ ಉಳಿದಿಲ್ಲ. ಸುಬ್ಬಯ್ಯ ನಾಯ್ಡು, ತ್ರಿಪುರಾಂಬ, ಆರ್. ನಾಗೇಂದ್ರರಾಯರು ಅದರಲ್ಲಿ ಹೇಗೆ ಮಾತಾಡಿದರು, ಹೇಗೆ ಹಾಡಿದರು ಎಂದು ನಾವು ಇನ್ನು ಕೇಳಲಾರೆವು. ಆ ಚಿತ್ರ ತಯಾರಾದದ್ದು ಕೊಲ್ಲಾಪುರದಲ್ಲಿ. ಅದರ ನಂತರದ ದಶಕಗಳಲ್ಲಿ ಕನ್ನಡ ಚಿತ್ರಗಳು ಹೆಚ್ಚಾಗಿ ಹುಟ್ಟಿದ್ದು ಮದರಾಸಿನ ಸ್ಟುಡಿಯೊಗಳಲ್ಲಿ, ನೆಗೆಟಿವ್‌ಗಳು ಉಳಿದದ್ದೂ ಅಲ್ಲಿನ ಲ್ಯಾಬ್‌ಗಳಲ್ಲಿ. ಡಿಜಿಟಲ್ ಬಂದ ಮೇಲೆ ಲ್ಯಾಬ್‌ಗಳು ಒಂದೊಂದಾಗಿ ಬಾಗಿಲು ಹಾಕಿದವು. ನಿರ್ಮಾಪಕರು ಇಲ್ಲ, ಮಕ್ಕಳಿಗೆ ಗೊತ್ತಿಲ್ಲ, ಡಬ್ಬಗಳನ್ನು ಕೇಳುವವರಿಲ್ಲ. ಬೆಳ್ಳಿ ತೆಗೆಯಲೆಂದು ತೂಕಕ್ಕೆ ಹೋದ ರೀಲುಗಳ ಕಥೆ ಭಾರತದ ಎಲ್ಲ ಭಾಷೆಗಳಲ್ಲೂ ಇದೆ.

ಕಲಿಸುವುದರಲ್ಲಿ ನಾವು ಹಿಂದುಳಿದ ನಾಡಲ್ಲ ಎಂಬುದು ಇನ್ನೂ ಚುಚ್ಚುವ ಸಂಗತಿ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಶುರುವಾದದ್ದು 1960ರಲ್ಲಿ. ಅದಕ್ಕೂ 17 ವರ್ಷ ಮೊದಲೇ, 1943ರಲ್ಲಿ, ಬೆಂಗಳೂರಿನಲ್ಲಿ ಛಾಯಾಗ್ರಹಣ ಮತ್ತು ಧ್ವನಿಮುದ್ರಣದ ಶಿಕ್ಷಣ ಆರಂಭವಾಗಿತ್ತು. ಎಸ್.ಜೆ. ಪಾಲಿಟೆಕ್ನಿಕ್ ಎಂದು ನಾವು ಕರೆಯುವುದು ಆ ಸಂಸ್ಥೆಯನ್ನೇ. ಗುರುದತ್ತರ ‘ಕಾಗಜ್ ಕೆ ಫೂಲ್’ನಲ್ಲಿ ಬೆಳಕಿನ ಆ ದೊಡ್ಡ ಕೋಲನ್ನು ಸ್ಟುಡಿಯೊದೊಳಕ್ಕೆ ಇಳಿಸಿದ ಮೈಸೂರಿನ ವಿ.ಕೆ. ಮೂರ್ತಿ ಅಲ್ಲಿ ಕಲಿತವರು. ಗೋವಿಂದ ನಿಹಲಾನಿಯೂ ಅಲ್ಲಿಯವರೇ. ಆ ಪರಂಪರೆ ಈಗ ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಮತ್ತು ಟಿ.ವಿ. ಸಂಸ್ಥೆಯಲ್ಲಿ ಮುಂದುವರಿದಿದೆ. ಫಿಲ್ಮು ತುಂಬಿಸಿ ಚಿತ್ರ ತೆಗೆಯುವುದನ್ನು ಅಷ್ಟು ಮೊದಲೇ ಕಲಿಸಿದ ಮನೆಯಲ್ಲೇ, ತೆಗೆದ ಫಿಲ್ಮನ್ನು ಉಳಿಸುವ ಡಿಪ್ಲೊಮಾ ಒಂದು ಯಾಕೆ ಇರಬಾರದು? ರಾಜ್ಯ ಸರ್ಕಾರ 2025–26ರ ಬಜೆಟ್‌ನಲ್ಲಿ ಕನ್ನಡ ಚಿತ್ರಗಳ ಭಂಡಾರಕ್ಕೆ 3 ಕೋಟಿ ರೂಪಾಯಿ ಘೋಷಿಸಿದೆ. ಒಳ್ಳೆಯ ಹೆಜ್ಜೆ. ಆದರೆ ಡಬ್ಬ ತೆರೆದು, ಫಿಲ್ಮಿನ ಅಂಚಿನ ಗುರುತು ಓದಿ, ಇದು ನೆಗೆಟಿವೋ ಪ್ರಿಂಟೋ, ಎಷ್ಟನೇ ಪೀಳಿಗೆಯ ಪ್ರತಿ ಎಂದು ಹೇಳಬಲ್ಲ ಹತ್ತು ಜನ ಆ ಕಟ್ಟಡದಲ್ಲಿ ಇಲ್ಲದಿದ್ದರೆ ಅದು ಗೋದಾಮು ಅಷ್ಟೆ. ಕೇಂದ್ರ ಸರ್ಕಾರ 2022ರಲ್ಲಿ 2,200 ಚಿತ್ರಗಳ ಪುನರುಜ್ಜೀವನದ ಯೋಜನೆ ಪ್ರಕಟಿಸಿತು. ಅಷ್ಟು ಕೆಲಸಕ್ಕೆ ಎಷ್ಟು ಕೈ ಬೇಕು ಎಂದು ಲೆಕ್ಕ ಹಾಕಿದರೆ ಇದು ಉದ್ಯೋಗವೂ ಹೌದು ಎಂಬುದು ತಿಳಿಯುತ್ತದೆ.

ಆ ಡಿಪ್ಲೊಮಾ ತರಗತಿಗೆ ಮೊದಲು ಕರೆಯಬೇಕಾದ ಮೇಷ್ಟ್ರು ಯಾರೆಂದರೆ ಜಗಳೂರು, ಹೊನ್ನಾಳಿ, ಚನ್ನಗಿರಿಗಳಂಥ ಊರುಗಳಲ್ಲಿ ಪ್ರೊಜೆಕ್ಟರ್ ಓಡಿಸಿ ಈಗ ಮನೆಯಲ್ಲಿ ಕುಳಿತಿರುವ ಆಪರೇಟರ್‌ಗಳು. ಬ್ಲೇಡಿನಲ್ಲಿ ಪದರ ಕೆರೆದು, ಫಿಲ್ಮ್ ಸಿಮೆಂಟ್ ಹಚ್ಚಿ, ಒತ್ತಿ ಹಿಡಿದು ಅರೆ ನಿಮಿಷದಲ್ಲಿ ಜೋಡಿಸುವ ಆ ಬೆರಳುಗಳ ವೇಗ ಯಾವ ಪುಸ್ತಕದಲ್ಲೂ ಸಿಗುವುದಿಲ್ಲ. ಅವರಿಗೆ ರಸಾಯನಶಾಸ್ತ್ರದ ಹೆಸರುಗಳು ಗೊತ್ತಿಲ್ಲದಿರಬಹುದು. ಕಲಿಯಲು ಬರುವ ಹುಡುಗರಿಗೆ ಅದು ಗೊತ್ತು, ಕೈಕೆಲಸ ಗೊತ್ತಿಲ್ಲ. ಇಬ್ಬರನ್ನೂ ಒಂದು ಮೇಜಿನ ಮುಂದೆ ಕೂರಿಸುವ ಕಾಲ ಇನ್ನು ಹೆಚ್ಚು ಉಳಿದಿಲ್ಲ.

ನಿಮ್ಮ ಮನೆಯ ಅಟ್ಟದಲ್ಲೋ ಮುಚ್ಚಿದ ಟಾಕೀಸಿನ ಕೋಣೆಯಲ್ಲೋ ರೀಲಿನ ಡಬ್ಬ ಇದ್ದರೆ ಒಂದಿಷ್ಟು ಎಚ್ಚರ. ನಮ್ಮ ಬಯಲುಸೀಮೆಯ ಒಣ ಹವೆಯಲ್ಲಿ ಬೂಷ್ಟು ಹಿಡಿಯುವುದು ಕಡಿಮೆ, ಆದರೆ ತಗಡಿನ ಸೂರಿನ ಕೆಳಗಿನ ಬಿಸಿ ಕೊಳೆಯುವಿಕೆಯನ್ನು ಬೇಗ ಬೇಗ ಓಡಿಸುತ್ತದೆ. ಮನೆಯಲ್ಲಿ ಎಲ್ಲಕ್ಕಿಂತ ತಂಪಾದ, ಗಾಳಿಯಾಡುವ ಜಾಗದಲ್ಲಿ ಡಬ್ಬವನ್ನು ಮಲಗಿಸಿ ಇಡಿ, ನಿಲ್ಲಿಸಬೇಡಿ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕಟ್ಟಬೇಡಿ, ಹೊರಡುವ ಆಮ್ಲ ಒಳಗೇ ಉಳಿಯುತ್ತದೆ. ಅಂಟಿಕೊಂಡ ರೀಲನ್ನು ಎಳೆದು ಬಿಚ್ಚಬೇಡಿ. 1950ರ ಆರಂಭಕ್ಕಿಂತ ಹಳೆಯದಾದರೆ ಅದು ನೈಟ್ರೇಟ್ ಇರಬಹುದು. ಅದಕ್ಕೆ ಬೆಂಕಿ ಹತ್ತಿದರೆ ನೀರಿಗೂ ಆರದು. 2003ರ ಜನವರಿಯಲ್ಲಿ ಪುಣೆಯ ಸಂಗ್ರಹಾಲಯಕ್ಕೆ ಬಿದ್ದ ಬೆಂಕಿಯಲ್ಲಿ ಸುಟ್ಟುಹೋದದ್ದು ಅಂಥ ಫಿಲ್ಮುಗಳೇ. ಬೀಡಿ, ದೀಪ, ಕಡ್ಡಿ ಹತ್ತಿರ ತರಬೇಡಿ. ಡಬ್ಬದ ಮೇಲಿನ ಚೀಟಿಯ ಫೋಟೊ ತೆಗೆದು ಪುಣೆಯ ಸಂಗ್ರಹಾಲಯಕ್ಕೆ ಬರೆಯಿರಿ. ಹೆಸರು ಅಳಿಸಿಹೋಗಿದ್ದರೆ ಹಾಗೆಂದೇ ಬರೆಯಿರಿ. ಗುರುತಿಸುವುದು ಅವರ ಕೆಲಸ.