ಹತ್ತು ಮೈಕ್ರೋ ಆಂಪಿಯರಿನ ಸಂಸಾರ

ಯಾವುದೇ ಚಿಪ್ಪಿನ ಮಾಹಿತಿ ಹಾಳೆ ಕೈಗೆ ಬಂದರೆ ನನ್ನ ಕಣ್ಣು ಮೊದಲು ಹೋಗುವುದು ಒಂದೇ ಸಾಲಿಗೆ: ಸುಮ್ಮನೆ ಕೂತಾಗ ಇದು ಎಷ್ಟು ಕರೆಂಟು ಎಳೆಯುತ್ತದೆ? ಎದೆಯೊಳಗೆ ಕೂರುವ ಪೇಸ್‌ಮೇಕರಿನ ಮಟ್ಟಿಗೆ ಆ ಸಾಲೇ ರೋಗಿಯ ಹಣೆಬರಹ.

ಪೇಸ್‌ಮೇಕರಿನ ಲಿಥಿಯಂ ಬ್ಯಾಟರಿಯ ದಾಸ್ತಾನು ಸುಮಾರು 1 ಆಂಪಿಯರ್-ಗಂಟೆ. ಒಟ್ಟು ಖರ್ಚು 10 ಮೈಕ್ರೋ ಆಂಪಿಯರ್ ಆದರೆ ಒಂದು ಲಕ್ಷ ಗಂಟೆ ಬಾಳುತ್ತದೆ, ಅಂದರೆ ಹನ್ನೊಂದು ವರ್ಷ ಚಿಲ್ಲರೆ. ಖರ್ಚು 20 ಆಯಿತೋ, ಆಯುಸ್ಸು ಅರ್ಧ. ಆಮೇಲೆ ಚರ್ಮ ಕೊಯ್ದು ಡಬ್ಬಿಯನ್ನೇ ಬದಲಿಸಬೇಕು. 371 ಹಾಸಿಗೆಗಳ ಜಯದೇವ ಹೃದ್ರೋಗ ಆಸ್ಪತ್ರೆ 2024ರ ಡಿಸೆಂಬರಿನಲ್ಲಿ ಕಲಬುರಗಿಯಲ್ಲೇ ತೆರೆದದ್ದು ನಮ್ಮ ಭಾಗಕ್ಕೆ ದೊಡ್ಡ ಉಪಕಾರ. ವಾಡಿ, ಶಹಾಬಾದಿನವರು ರೈಲು ಹತ್ತಿ ಹೋದಾರು. ರೈಲೇ ಇಲ್ಲದ ಚಿಂಚೋಳಿಯ ಮುದುಕರಿಗೆ ತಪ್ಪಿದ ಒಂದೊಂದು ಶಸ್ತ್ರಚಿಕಿತ್ಸೆಯೂ ಪುಣ್ಯವೇ.

ಈ ಹತ್ತು ಮೈಕ್ರೋ ಆಂಪಿಯರಿನಲ್ಲಿ ಸಂಸಾರ ನಡೆಯುವ ಬಗೆ ನೋಡಿ. 500 ಓಮ್ ತಡೆಯ ಮೂಲಕ 2.5 ವೋಲ್ಟಿನ ಮಿಡಿತವನ್ನು 0.4 ಮಿಲಿಸೆಕೆಂಡು ಕೊಟ್ಟರೆ, ನಿಮಿಷಕ್ಕೆ 70ರಂತೆ ಸರಾಸರಿ 2.3 ಮೈಕ್ರೋ ಆಂಪಿಯರ್ ಅಲ್ಲಿಗೇ ಹೋಯಿತು. ಹೃದಯದ ಸದ್ದಿಗೆ ಸದಾ ಕಿವಿಗೊಡುವುದು, ಬಡಿತ ತಪ್ಪಿತೇ ಎಂದು ತೀರ್ಮಾನಿಸುವುದು, ನೆನಪಿಟ್ಟುಕೊಳ್ಳುವುದು, ಎಲ್ಲವೂ ಉಳಿದದ್ದರಲ್ಲೇ ಆಗಬೇಕು.

ಇಲ್ಲಿ ನೆರವಿಗೆ ಬರುವುದು ಗಡಿಯಾರದವರ ವಿದ್ಯೆ. ಟ್ರಾನ್ಸಿಸ್ಟರಿಗೆ ಹೊಸ್ತಿಲ ವೋಲ್ಟೇಜಿಗಿಂತ ಕಡಿಮೆ ಕೊಟ್ಟರೆ ಅದು ಮುಚ್ಚಿತೆಂದು ಕಾಲೇಜಿನಲ್ಲಿ ಕಲಿಸುತ್ತಾರೆ. ಪೂರ್ತಿ ಮುಚ್ಚುವುದಿಲ್ಲ, ನ್ಯಾನೋ ಆಂಪಿಯರುಗಳಷ್ಟು ಒಸರುತ್ತಲೇ ಇರುತ್ತದೆ. ಕೈಗಡಿಯಾರದ ಚಿಪ್‌ಗಳಲ್ಲಿ ಪಳಗಿದ ಸ್ವಿಟ್ಜರ್ಲೆಂಡಿನ ಎರಿಕ್ ವಿಟ್ಟೋಸ್, ಫೆಲ್ರಾತ್ ಜೊತೆ 1977ರಲ್ಲಿ ಬರೆದ ಲೇಖನದಲ್ಲಿ ಆ ಒಸರಿನಿಂದಲೇ ಸರ್ಕ್ಯೂಟು ಕಟ್ಟುವ ದಾರಿ ತೋರಿಸಿದರು. ಹಾಗೆ ಕಟ್ಟಿದ್ದು ನಿಧಾನ, ನಿಜ. ಆದರೆ ಹೃದಯದ ಸಂಕೇತವೂ ಕೆಲವು ನೂರು ಹರ್ಟ್ಸ್ ದಾಟುವುದಿಲ್ಲ. ನನಗೆ ಇಡೀ ಎಲೆಕ್ಟ್ರಾನಿಕ್ಸಿನಲ್ಲಿ ಇದಕ್ಕಿಂತ ಚೆಂದದ ಹೊಂದಾಣಿಕೆ ಕಂಡಿಲ್ಲ.

ಒಸರಿಗೆ ಒಂದು ದೋಷವುಂಟು. ಬಿಸಿ ಏರಿದಂತೆ ಅದು ಎರ್ರಾಬಿರ್ರಿ ಹೆಚ್ಚುತ್ತದೆ. ಸೇಡಂ, ಚಿತ್ತಾಪುರದ ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ ಸುಡುತ್ತಿದ್ದರೂ ಎದೆಯೊಳಗೆ 37ರ ಆಸುಪಾಸು; ಒಳಗಿನ ಚಿಪ್ಪನ್ನು ಶರೀರವೇ ಕಾಯುತ್ತದೆ. ಚರ್ಮಕ್ಕೆ ಅಂಟಿಸುವ ಇಸಿಜಿ ಪಟ್ಟಿಗೆ ಆ ಭಾಗ್ಯವಿಲ್ಲ. ಶಹಾಬಾದಿನ ಪರಸಿ ಕಲ್ಲಿನ ಖಣಿಯಲ್ಲಿ ದುಡಿಯುವವನ ಎದೆಯ ಮೇಲೆ ಅದು ಬಿಸಿಲು, ಬೆವರು, ಅಲುಗಾಟ ಮೂರನ್ನೂ ತಾಳಬೇಕು. ಮೇಲಾಗಿ ಅದಕ್ಕೆ ರೇಡಿಯೋದ ಹಸಿವು. ಸೆಕೆಂಡಿಗೆ 250 ಸಲ ಅಳೆದದ್ದನ್ನೆಲ್ಲ ಫೋನಿಗೆ ಕಳಿಸುತ್ತ ಕೂತರೆ ಬ್ಯಾಟರಿ ಬರಿದು. ಬಡಿತವನ್ನು ಚಿಪ್ಪಿನೊಳಗೇ ಗುರುತಿಸಿ, ಎರಡು ಬಡಿತಗಳ ಅಂತರವನ್ನಷ್ಟೇ ಕಳಿಸುವ ವಿನ್ಯಾಸ ಜಾಣರದು.

1958ರಲ್ಲಿ ಸ್ವೀಡನ್ನಿನ ಆರ್ನೆ ಲಾರ್ಸನ್ ಶರೀರದಲ್ಲಿಟ್ಟ ಜಗತ್ತಿನ ಮೊದಲ ಪೇಸ್‌ಮೇಕರ್ ಕೆಲವೇ ಗಂಟೆ ನಡೆಯಿತು. ಒಂದರ ಮೇಲೊಂದು ಬದಲಿಸುತ್ತ ಅವರು 2001ರವರೆಗೆ ಬದುಕಿದರು. ಕಲಬುರಗಿಯ ಪಿಡಿಎ ಇಂಜಿನಿಯರಿಂಗ್ ಕಾಲೇಜು ಶುರುವಾದದ್ದೂ ಅದೇ 1958ರಲ್ಲಿ. ಅಲ್ಲಿ ಓದುತ್ತಿರುವ ನಮ್ಮ ತಾಲೂಕುಗಳ ಮಕ್ಕಳಲ್ಲಿ ಒಂದು ಕೇಳಿಕೆ: ನಿಮ್ಮ ಇಸಿಜಿ ಪ್ರಾಜೆಕ್ಟನ್ನು ಫ್ಯಾನಿನ ಕೆಳಗೆ ಪರೀಕ್ಷಿಸಿ ಮುಗಿಸಬೇಡಿ. ಮೇ ತಿಂಗಳಲ್ಲಿ ಶಹಾಬಾದಿಗೆ ತನ್ನಿ, ಸುಮ್ಮನಿದ್ದಾಗ ಅದು ಎಳೆಯುವ ಕರೆಂಟನ್ನು ನಡುಮಧ್ಯಾಹ್ನ ಅಳೆಯಿರಿ, ಆ ಅಂಕಿಯನ್ನು ವರದಿಯ ಮೊದಲ ಪುಟದಲ್ಲಿ ಬರೆಯಿರಿ.