ಇಂಗ್ಲಿಷ್ ಪಾಠದ ಕಾಡು ಮತ್ತು ನೀರು

ದ್ವಿತೀಯ ಪಿಯುಸಿಯ ಹುಡುಗಿಯೊಬ್ಬಳು ತರಗತಿಯಲ್ಲಿ ಎದ್ದು ನಿಂತು, "ಸಸ್ಟೈನಬಲ್ ಅಂದ್ರೆ ಏನು ಸಾರ್?" ಎಂದು ಕೇಳಿದಳು. 'ಸುಸ್ಥಿರ' ಎಂದೆ. ಬರೆದುಕೊಂಡಳು. ಬರೆದ ಮೇಲೆ ಅನುಮಾನ ಬಂತೇನೋ, "ಸುಸ್ಥಿರ ಅಂದ್ರೆ?" ಎಂದಳು. ಗೊತ್ತಿಲ್ಲದ ಒಂದು ಪದಕ್ಕೆ ಗೊತ್ತಿಲ್ಲದ ಇನ್ನೊಂದು ಪದವನ್ನು ಕೊಟ್ಟು ನಾನು ಮುಂದಿನ ಪುಟಕ್ಕೆ ಹೊರಟಿದ್ದೆ. ನಮ್ಮ ಇಂಗ್ಲಿಷ್ ತರಗತಿಗಳಲ್ಲಿ ಪರಿಸರ ಪಾಠವೆಂಬುದು ಹೆಚ್ಚಾಗಿ ನಡೆಯುವುದೇ ಹೀಗೆ.

ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪರಿಸರವನ್ನು ಕಡ್ಡಾಯವಾಗಿ ಕಲಿಸಬೇಕೆಂದು ಹೇಳಿದ್ದು 1991ರಲ್ಲಿ. 2003ರಲ್ಲಿ ಅದನ್ನೇ ಮತ್ತೊಮ್ಮೆ ನೆನಪಿಸಬೇಕಾಯಿತು. ಇಂದು ಪರಿಸರದ ಪಾಠವಿಲ್ಲದ ಇಂಗ್ಲಿಷ್ ಪಠ್ಯಪುಸ್ತಕ ಸಿಗುವುದು ಅಪರೂಪ. ಪಾಠವಿದೆ ನಿಜ. ಆದರೆ ಅದು ಯಾರ ಕಣ್ಣಿನಿಂದ ಬರೆದದ್ದು, ಯಾರನ್ನು ತಪ್ಪಿತಸ್ಥರನ್ನಾಗಿ ನಿಲ್ಲಿಸುತ್ತದೆ ಎಂಬ ಪ್ರಶ್ನೆಯನ್ನು ನಾವು ಮೇಷ್ಟರುಗಳು ಕೇಳಿಕೊಂಡದ್ದು ಕಡಿಮೆ.

ಎನ್‌ಸಿಇಆರ್‌ಟಿಯ ಹನ್ನೊಂದನೇ ತರಗತಿಯ 'ಹಾರ್ನ್‌ಬಿಲ್' ಪುಸ್ತಕಕ್ಕೆ ಸೇರಿದ ನಾನಿ ಪಾಲ್ಖಿವಾಲಾ ಅವರ ಲೇಖನವನ್ನು ನೋಡಿ. ಅದು 1994ರಲ್ಲಿ 'ಇಂಡಿಯನ್ ಎಕ್ಸ್‌ಪ್ರೆಸ್'ನಲ್ಲಿ ಬಂದದ್ದು. ಭೂಮಿಯನ್ನು ರೋಗಿಯಂತೆ ಕಾಣುವ, ಕಳಕಳಿಯುಳ್ಳ ಬರಹ. ಆದರೆ ಅದು ಬೆರಳು ತೋರಿಸುವುದು ಮುಖ್ಯವಾಗಿ ಜನಸಂಖ್ಯೆಯ ಕಡೆಗೆ. ಯಾರು ಎಷ್ಟು ಬಳಸುತ್ತಾರೆಂಬುದು ಅಲ್ಲಿ ಗಟ್ಟಿಯಾಗಿ ಕೇಳಿಸುವುದಿಲ್ಲ. ಡ್ಯೂಪಾಂಟ್ ಕಂಪೆನಿಯ ಅಧ್ಯಕ್ಷರು ತಮ್ಮನ್ನು ಕಂಪೆನಿಯ ಮುಖ್ಯ ಪರಿಸರ ಅಧಿಕಾರಿ ಎಂದು ಕರೆದುಕೊಂಡದ್ದನ್ನು ಲೇಖಕರು ಮೆಚ್ಚಿ ನೆನೆಯುತ್ತಾರೆ. ಓಝೋನ್ ಪದರಕ್ಕೆ ಕುತ್ತು ತಂದ ಫ್ರಿಯಾನ್ ಅನಿಲವನ್ನು ದಶಕಗಟ್ಟಲೆ ಮಾರಿದ್ದು ಅದೇ ಕಂಪೆನಿ ಎಂಬುದನ್ನು ಮಕ್ಕಳಿಗೆ ಮೇಷ್ಟರೇ ಹೇಳಬೇಕು.

ನಮ್ಮ ರಾಜ್ಯದ ದ್ವಿತೀಯ ಪಿಯುಸಿಯ 'ಸ್ಪೆಕ್ಟ್ರಂ' ಪುಸ್ತಕಕ್ಕೆ ಸೇರಿದ ವಂದನಾ ಶಿವ ಅವರ ಲೇಖನ ಇದಕ್ಕಿಂತ ಬಹಳ ಮೇಲು. ಕಲಿಯಬೇಕಾದುದನ್ನೆಲ್ಲ ಕಾಡಿನಲ್ಲೇ ಕಲಿತೆ ಎಂಬರ್ಥದ ತಲೆಬರಹ ಅದರದು. ಅದರೊಳಗೊಂದು ಅದ್ಭುತ ದೃಶ್ಯವಿದೆ. 1977ರಲ್ಲಿ ಹಿಮಾಲಯದ ತಪ್ಪಲಿನ ಅದ್ವಾನಿ ಗ್ರಾಮದಲ್ಲಿ ಬಚ್ನಿ ದೇವಿ ಎಂಬಾಕೆ ಮರ ಕಡಿಯುವ ಗುತ್ತಿಗೆ ಹಿಡಿದಿದ್ದ ಸ್ವಂತ ಗಂಡನ ವಿರುದ್ಧವೇ ಹೆಂಗಸರನ್ನು ಕಟ್ಟಿಕೊಂಡು ನಿಲ್ಲುತ್ತಾಳೆ. ಅರಣ್ಯಾಧಿಕಾರಿ ಬಂದಾಗ ಹಾಡಹಗಲಲ್ಲೇ ಅವರ ಕೈಯಲ್ಲಿ ಉರಿಯುವ ಲಾಟೀನುಗಳು. ಇದೇಕೆಂದು ಕೇಳಿದರೆ, ನಿಮಗೆ ಅರಣ್ಯಶಾಸ್ತ್ರ ಕಲಿಸಲು ಬಂದಿದ್ದೇವೆ ಎನ್ನುತ್ತಾರೆ. ಅಧಿಕಾರಿಗೆ ಕಾಡೆಂದರೆ ರಾಳ, ನಾಟ, ಲಾಭ. ಹೆಂಗಸರಿಗೆ ಮಣ್ಣು, ನೀರು, ಗಾಳಿ.

ಓದುಬರಹ ಬಲ್ಲ ಅಧಿಕಾರಿ ಇಲ್ಲಿ ವಿದ್ಯಾರ್ಥಿ, ಸೌದೆ ಹೊರುವ ಹೆಂಗಸು ಗುರು. ಈ ತಿರುವುಮುರುವೇ ಆ ಪಾಠದ ಜೀವ. ನಾವು ಮಾಡುವುದೇನು? ಬಜಾರಿನ ಗೈಡು ಹಿಡಿದು, ಕಾಡಿನ ಉತ್ಪನ್ನಗಳ ಬಗ್ಗೆ ಎರಡು ಕಡೆಯವರ ಅಭಿಪ್ರಾಯವೇನೆಂಬ ಪ್ರಶ್ನೆಗೆ ಉತ್ತರ ಬರೆಸುತ್ತೇವೆ. ಮಕ್ಕಳು ಬಾಯಿಪಾಠ ಮಾಡುತ್ತಾರೆ. 1983ರಲ್ಲಿ ಶಿರಸಿ ಸೀಮೆಯ ಸಾಲ್ಕಣಿಯ ಜನ ಹೀಗೆಯೇ ಮರ ಅಪ್ಪಿ ನಿಂತದ್ದು, ಅದು 'ಅಪ್ಪಿಕೋ' ಆದದ್ದು ನನ್ನ ತರಗತಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಲೇಖನದ ಕೊನೆಯ ಭಾಗವೂ ವಿಶ್ವಸಂಸ್ಥೆ, ಪ್ರಕೃತಿಯ ಹಕ್ಕು ಎಂದು ಮೇಲೆ ಮೇಲೆ ಹೋಗಿಬಿಡುತ್ತದೆ. ಲಾಟೀನಿನ ಬೆಳಕು ಅಲ್ಲಿಗೆ ಮುಟ್ಟುವುದಿಲ್ಲ ಎಂದು ನನ್ನ ಅನಿಸಿಕೆ.

ಅದೇ ಪುಸ್ತಕದಲ್ಲಿ ತೆಲುಗಿನ ದಲಿತ ಕವಯಿತ್ರಿ ಚಲ್ಲಪಲ್ಲಿ ಸ್ವರೂಪರಾಣಿ ಅವರ, ನೀರನ್ನು ಕುರಿತ ಕವಿತೆಯಿದೆ. ಆದರೆ ಅದನ್ನು ಯಾರೂ ಪರಿಸರದ ಪಾಠವೆಂದು ಎಣಿಸುವುದಿಲ್ಲ. ಗೈಡುಗಳಲ್ಲಿ ಅದರ ವಿಷಯ 'ಅಸ್ಪೃಶ್ಯತೆ'. ಕಾಡಿನ ಪಾಠದ ವಿಷಯ 'ಪರಿಸರ'. ಒಂದು ಬಿಂದಿಗೆ ನೀರಿಗಾಗಿ ಬಾವಿಯ ಬಳಿ ದಿನವಿಡೀ ಕಾಯುವ ಹುಡುಗಿ, ಕೇರಿಯಲ್ಲಿ ವಾರಕ್ಕೊಮ್ಮೆ ಹಬ್ಬದಂತೆ ಬರುವ ಸ್ನಾನ, ಊರವರಿಗೆ ದಿನಕ್ಕೆ ಎರಡು ಬಾರಿ ಧಾರಾಳ ಸ್ನಾನ: ನೀರಿನ ಹಂಚಿಕೆಯ ಬಗ್ಗೆ ಇದಕ್ಕಿಂತ ನಿಖರವಾದ ಲೆಕ್ಕ ಇನ್ನೆಲ್ಲಿದೆ? 1927ರ ಮಹಾಡ್ ಕೆರೆಯ ಸತ್ಯಾಗ್ರಹ ಅಲ್ಲಿದೆ. 1985ರಲ್ಲಿ ಆಂಧ್ರದ ಕಾರಂಚೇಡಿನಲ್ಲಿ, ತಮ್ಮ ಕುಡಿಯುವ ನೀರಿನ ಕೆರೆಯನ್ನು ಕೆಡಿಸುತ್ತಿದ್ದ ಮೇಲ್ಜಾತಿಯವರೆದುರು ಕೊಡವೆತ್ತಿ ನಿಂತ ಸುವಾರ್ತಮ್ಮ ಅಲ್ಲಿದ್ದಾಳೆ. ಆ ಪ್ರತಿಭಟನೆಗೆ ದಲಿತರು ಹೆಣಗಳನ್ನು ತೆರಬೇಕಾಯಿತು. ಕವಿತೆ ಬಾವಿಯಿಂದ ಹೊರಟು ಕಂಪೆನಿಯ ಬಾಟಲಿ ನೀರಿಗೆ ಬಂದು ನಿಲ್ಲುತ್ತದೆ. ಜಾತಿ, ಮಾರುಕಟ್ಟೆ, ಕೆರೆ ಮೂರನ್ನೂ ಒಂದೇ ದಾರದಲ್ಲಿ ಪೋಣಿಸಿದ ಈ ಕವಿತೆಯನ್ನು ಬಿಟ್ಟು, ಹಲ್ಲುಜ್ಜುವಾಗ ನಲ್ಲಿ ನಿಲ್ಲಿಸಿ ಎಂದು ಪ್ರಬಂಧ ಬರೆಸುತ್ತೇವೆ. ಅದೂ ಮನೆಯಲ್ಲಿ ನಲ್ಲಿಯೇ ಇಲ್ಲದ ಮಕ್ಕಳಿಂದ!

ಇಂಗ್ಲಿಷ್ ಬಾರದವರಿಗೆ ವಿಷಯವೂ ಬಾರದು ಎಂಬ ಭ್ರಮೆ ನಮ್ಮಲ್ಲಿ ಬೇರೂರಿದೆ. ನನ್ನ ಹಿಂದಿನ ಬೆಂಚಿನ ಹುಡುಗನೊಬ್ಬ ಸಂಜೆ ಮಾವನ ಗುಜರಿ ಅಂಗಡಿಯಲ್ಲಿ ಕೂರುತ್ತಾನೆ. ಯಾವ ಪ್ಲಾಸ್ಟಿಕ್ ಕರಗುತ್ತದೆ, ಯಾವುದನ್ನು ಯಾರೂ ಕೊಳ್ಳುವುದಿಲ್ಲ, ಒದ್ದೆ ರಟ್ಟಿನ ತೂಕದಲ್ಲಿ ಎಷ್ಟು ಕಳೆಯಬೇಕು, ಎಲ್ಲವೂ ಅವನಿಗೆ ಗೊತ್ತು. 'ರೀಸೈಕ್ಲಿಂಗ್' ಕುರಿತ ಪ್ರಶ್ನೆಗೆ ಅವನ ಉತ್ತರ ಮಾತ್ರ ಖಾಲಿ.

ಆ ಎರಡು ಪಾಠ ಮುಗಿದ ಮೇಲೆ ಗೈಡು ಮುಚ್ಚಿಸಿ, ನಿಮ್ಮ ಮನೆಗೆ ನೀರು ಹೇಗೆ ಬರುತ್ತದೆಂದು ಬಂದಷ್ಟು ಇಂಗ್ಲಿಷಿನಲ್ಲಿ ಬರೆಯಿರಿ ಎಂದೆ. ಗುಜರಿಯ ಹುಡುಗ ಆರು ಸಾಲು ಬರೆದ. 'ಸುಸ್ಥಿರ' ಎಂದರೇನೆಂದು ಕೇಳಿದ ಹುಡುಗಿ ಒಂದೂವರೆ ಪುಟ ಬರೆದಳು: ಟ್ಯಾಂಕರ್ ಬರುವ ವಾರ, ಬೀದಿಯಲ್ಲಿ ಮೊದಲು ಕೊಡ ಇಡುವವರು ಯಾರು, ಕೊನೆಗೆ ಯಾರು, ಪಾತ್ರೆ ತೊಳೆದ ನೀರು ಯಾವ ಗಿಡಕ್ಕೆ. ಕ್ರಿಯಾಪದಗಳು ಬಹಳ ಕಡೆ ತಪ್ಪಿದ್ದವು. ಅವನ್ನು ತಿದ್ದಲು ನನಗೆ ಒಂದು ಪೀರಿಯಡ್ ಸಾಕಾಯಿತು.