‘ಸಂಕ’ ಎಲ್ಲಿ ಹೋಯಿತು? ಆನ್‌ಲೈನ್ ದೂರಿನ ಭಾಷೆಯ ಒಂದು ಓದು

ಕಾಸರಗೋಡಿನ ಕನ್ನಡ ಅಂದ ಕೂಡ್ಲೇ ನಾವು ಸಾಮಾನ್ಯವಾಗಿ ಗೋವಿಂದ ಪೈ, ಕಯ್ಯಾರ ಕಿಞ್ಞಣ್ಣ ರೈ ಅವರಿಂದ ಮಾತು ಶುರು ಮಾಡ್ತೇವೆ. ನಾನು ಇವತ್ತು ಓದಲಿಕ್ಕೆ ಆರಿಸಿಕೊಂಡದ್ದು ಆನ್‌ಲೈನಿನಲ್ಲಿ ಸರಕಾರಕ್ಕೆ ಕಳಿಸಿದ ಒಂದು ದೂರನ್ನು. ಅದನ್ನು ಬರೆದವನು ನಾನೇ. ಹಾಗಾಗಿ ವಿಮರ್ಶೆಯಲ್ಲಿ ದಾಕ್ಷಿಣ್ಯ ಇಟ್ಟುಕೊಳ್ಳಬೇಕಾದ ಅಗತ್ಯ ಬೀಳಲಿಲ್ಲ.

ನಮ್ಮ ದೊಡ್ಡಮ್ಮನ ಮನೆಗೂ ರಸ್ತೆಗೂ ನಡುವೆ ಒಂದು ತೋಡು ಉಂಟು. ದಾಟಲಿಕ್ಕೆ ಎರಡು ಅಡಿಕೆ ಮರ ಜೋಡಿಸಿ ಕಟ್ಟಿದ ಸಂಕ. ಕಳೆದ ಆಟಿ ತಿಂಗಳಲ್ಲಿ ನೀರು ಏರಿ ಅದು ಕೊಚ್ಚಿಹೋಯಿತು. ದೊಡ್ಡಮ್ಮ ಹೇಳಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೆ. ಅದು ಹೀಗಿದೆ: “ಇಲ್ಲಿ ಸರಕಾರದ ಸಂಕ ಅಂತ ಯಾವಾಗ ಇತ್ತು ಮಗಾ? ಮರ ಕಡಿದು ಹಾಕಿದ್ದು ನಾವು. ಹೋದ್ರೆ ಪುನಃ ಹಾಕುದೂ ನಾವು. ಈಗ ಮರ ಹೊರ್ಲಿಕ್ಕೆ ಮನೆಯಲ್ಲಿ ಯಾರುಂಟು? ಮಕ್ಕಳು ಶಾಲೆಗೆ ಹೋಗುದು ಹೇಗೆ? ನಮಗೆ ದೊಡ್ಡ ಸೇತುವೆ ಬೇಡ, ನಡೀಲಿಕ್ಕೆ ಒಂದು ಗಟ್ಟಿ ಸಂಕ ಆದ್ರೆ ಸಾಕು.”

ಇದು ಮೊದಲನೆಯ ಪಠ್ಯ. ಎರಡನೆಯದು ನನ್ನದು. ಮಲಯಾಳದಲ್ಲಿ ಬರೆದ್ರೆ ಕೆಲಸ ಬೇಗ ಆದೀತು ಅಂತ ನಾನೇ ತೀರ್ಮಾನಿಸಿದೆ. ಯಾರೂ ಒತ್ತಾಯ ಮಾಡಲಿಲ್ಲ. ವಿಷಯದ ಪಟ್ಟಿಯಲ್ಲಿ ರಸ್ತೆ ಇತ್ತು, ಸೇತುವೆ ಇತ್ತು, ಸಂಕ ಇರಲಿಲ್ಲ. ಸೇತುವೆ ಅಂತ ಒತ್ತಿದೆ. ‘ತೋಡು’ ಮಲಯಾಳದಲ್ಲೂ ತೋಡೇ ಆದ್ದರಿಂದ ಸುರಕ್ಷಿತವಾಗಿ ದಾಟಿತು. ‘ಸಂಕ’ ಮಾತ್ರ ‘ಪಾಲಂ’ ಆಯಿತು. ‘ಆಟಿ’ ಹೋಗಿ ತಾರೀಕು ಬಂತು. ಕೊನೆಗೆ ಉಳಿದ ಸಾರ ಇಷ್ಟು: ಮಳೆಯಲ್ಲಿ ಸೇತುವೆ ಹಾಳಾಗಿದೆ, ದುರಸ್ತಿ ಮಾಡಿಸಿಕೊಡಬೇಕು. ಐದೇ ನಿಮಿಷದಲ್ಲಿ ಮುಗಿಯಿತು.

ಮೂರನೆಯ ಪಠ್ಯ ಕೆಲವು ವಾರಗಳ ನಂತರ ಬಂದ ಉತ್ತರ. ಆ ಜಾಗದಲ್ಲಿ ಇಲಾಖೆಗೆ ಸೇರಿದ ಸೇತುವೆ ಇಲ್ಲ, ಆದ್ದರಿಂದ ದೂರನ್ನು ಮುಕ್ತಾಯಗೊಳಿಸಲಾಗಿದೆ ಅಂತ ಅದರ ಅರ್ಥ. ಓದಿ ಹೇಳಿದೆ. ದೊಡ್ಡಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: “ಅದನ್ನೇ ಅಲ್ವಾ ನಾನು ಹೇಳಿದ್ದು?”

ಈ ಪ್ರಶ್ನೆಯಿಂದಲೇ ನನ್ನ ಓದು ಶುರುವಾಗುವುದು. ಸರಕಾರದ ಸಂಕ ಇಲ್ಲ ಎನ್ನುವುದು ಮೊದಲ ಪಠ್ಯದಲ್ಲಿ ಸಂಕಟದ ಮೂಲ. ಮೂರನೆಯದರಲ್ಲಿ ಅದೇ ಸಂಗತಿ ಕಡತ ಮುಚ್ಚಲಿಕ್ಕೆ ಕಾರಣ. ಅಧಿಕಾರಿ ಸುಳ್ಳು ಬರೆದಿಲ್ಲ. ಅವರ ಕೈಗೆ ಸಿಕ್ಕಿದ ಪಠ್ಯದಲ್ಲಿ ‘ದುರಸ್ತಿ’ ಅಂತಿತ್ತು. ಇಲ್ಲದ್ದನ್ನು ದುರಸ್ತಿ ಮಾಡುವುದು ಹೇಗೆ? ಅಡಿಕೆ ಮರ, ಮರ ಹೊರುವವರಿಲ್ಲದ ಮನೆ, ಶಾಲೆಯ ಮಕ್ಕಳು, ಇವು ಮೂರೂ ಬಿದ್ದುಹೋದದ್ದು ನಾನು ‘ಚುಟುಕಾಗಿ’ ಬರೆದಾಗ.

ಇಲ್ಲಿ ಕನ್ನಡದ ಮೂರು ಪದಗಳನ್ನು ಗಮನಿಸಬಹುದು. ‘ಬಿನ್ನಪ’ ಸಂಸ್ಕೃತದ ವಿಜ್ಞಾಪನದ ತದ್ಭವ. ತಿಳಿಸುವುದು ಅದರ ಮೂಲಾರ್ಥ. ‘ಅಹವಾಲು’ ಅರಬಿ ಮೂಲದ್ದು, ಪರಿಸ್ಥಿತಿಗಳು ಅಂತ ಅರ್ಥ. ‘ದೂರು’ ನಮ್ಮದೇ ಪದ. ಅದರಲ್ಲಿ ತಪ್ಪು ಹೊರಿಸುವ ಭಾವ ಉಂಟು. ದೂರಿಗೆ ಒಬ್ಬ ತಪ್ಪಿತಸ್ಥ ಬೇಕು, ಒಂದು ಇಲಾಖೆ ಬೇಕು. ಅಹವಾಲಿಗೆ ಬದುಕಿನ ಸ್ಥಿತಿ ಹೇಳಿದರೆ ಸಾಕು. ದೊಡ್ಡಮ್ಮ ಹೇಳಿದ್ದು ಅಹವಾಲು. ಪಟ್ಟಿಯಲ್ಲಿ ಇಲಾಖೆ ಆರಿಸುವ ಹೊತ್ತಿಗೆ ನಾನು ಅದನ್ನು ದೂರು ಮಾಡಿಬಿಟ್ಟೆ.

ಕಾನೂನು ಇದಕ್ಕೆ ಅಡ್ಡ ಬಂದಿರಲಿಲ್ಲ ಎನ್ನುವುದು ಮುಖ್ಯ. ಕುಂದುಕೊರತೆ ಪರಿಹಾರಕ್ಕಾಗಿ ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಪ್ರತಿಯೊಬ್ಬರಿಗೂ ಕೊಟ್ಟಿದೆ. ಸಲ್ಲಿಸುವುದರ ಬಗ್ಗೆ ಹೇಳುವ ಆ ವಿಧಿ, ಉತ್ತರ ಯಾವ ಭಾಷೆಯಲ್ಲಿ ಬರಬೇಕು ಅಂತ ಹೇಳುವುದಿಲ್ಲ. ಆ ಕೊರತೆಯನ್ನು ಕೇರಳದ 1969ರ ಆಡಳಿತ ಭಾಷಾ ಕಾಯ್ದೆ, ನಂತರದ ತಿದ್ದುಪಡಿಯೊಂದಿಗೆ, ಬಹುಮಟ್ಟಿಗೆ ತುಂಬುತ್ತದೆ: ತಮಿಳು, ಕನ್ನಡ ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲೇ ಸರಕಾರದ ಜೊತೆ ವ್ಯವಹರಿಸಬಹುದು, ಉತ್ತರವೂ ಆ ಭಾಷೆಯಲ್ಲಿ ಬರಬೇಕು. ಇಷ್ಟಿದ್ದೂ ನಾನು ಕನ್ನಡ ಬಿಟ್ಟೆ. ಹಕ್ಕನ್ನು ಯಾರೂ ಕಸಿಯಲಿಲ್ಲ, ಅನುಕೂಲದ ಹೆಸರಲ್ಲಿ ನಾನೇ ಬಿಟ್ಟುಕೊಟ್ಟೆ. ಗಡಿನಾಡಿನಲ್ಲಿ ಭಾಷೆ ಸವೆಯುವ ಒಂದು ಬಗೆ ಇದು.

ಉಳಿದ ಗಡಿಗಳಲ್ಲೂ ಇದೇ ಪ್ರಶ್ನೆ ಬೇರೆ ಬೇರೆ ಹೆಸರಲ್ಲಿದೆ. ಮಹಾರಾಷ್ಟ್ರದ ತಾಣದ ಹೆಸರು ‘ಆಪಲೇ ಸರಕಾರ್’, ಅಂದ್ರೆ ನಮ್ಮ ಸರಕಾರ. ಅಕ್ಕಲಕೋಟೆಯ ಅಥವಾ ಜತ್ತದ ಕನ್ನಡಿಗರು ಆ ‘ನಮ್ಮ’ದೊಳಗೆ ಯಾವ ಭಾಷೆಯಿಂದ ಪ್ರವೇಶ ಮಾಡ್ತಾರೆ? ಜತ್ತ ತಾಲ್ಲೂಕಿನ ಹಳ್ಳಿಗಳು ನೀರಿಲ್ಲದ ಸಂಕಟಕ್ಕೆ ಕರ್ನಾಟಕಕ್ಕೆ ಸೇರುತ್ತೇವೆ ಅಂತ ಹಿಂದೆ ಮಾಡಿದ್ದ ಠರಾವು 2022ರಲ್ಲಿ ಮತ್ತೆ ದೊಡ್ಡ ಸುದ್ದಿಯಾಯಿತು. ಅಹವಾಲು ಕೇಳಿಸದೇ ಹೋದಾಗ ಅದು ಗಡಿವಿವಾದದ ರೂಪ ಪಡೆಯುತ್ತದೆ ಅಂತ ನಾನು ಅದನ್ನು ಓದ್ತೇನೆ.

ಆನ್‌ಲೈನ್ ವ್ಯವಸ್ಥೆ ಬೇಡ ಅಂತ ನಾನು ಹೇಳ್ತಾ ಇಲ್ಲ. ಬಸ್ಸಿನ ಖರ್ಚು ಉಳಿಯುತ್ತದೆ. ನೋಂದಣಿ ಸಂಖ್ಯೆ ಸಿಗುವುದರಿಂದ ಅರ್ಜಿ ಬಂದೇ ಇಲ್ಲ ಅಂತ ಯಾರೂ ಹೇಳುವ ಹಾಗಿಲ್ಲ. ದೊಡ್ಡಮ್ಮ ಆ ಸಂಖ್ಯೆಯನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಸಿ ಇಟ್ಟಿದ್ದಾರೆ. ಕೇಂದ್ರದ ಸಿಪಿಗ್ರಾಮ್ಸ್‌ನಲ್ಲಿ ಪರಿಹಾರದ ಗಡುವನ್ನು 2022ರಲ್ಲಿ 45ರಿಂದ 30 ದಿನಕ್ಕೆ, 2024ರಲ್ಲಿ 21 ದಿನಕ್ಕೆ ಇಳಿಸಿದರು. ಇಂಗ್ಲಿಷಿನ ಜೊತೆ 22 ಪರಿಶಿಷ್ಟ ಭಾಷೆಗಳನ್ನು ಸೇರಿಸುವುದೂ ಅಲ್ಲಿನ ಸುಧಾರಣೆಗಳಲ್ಲಿ ಒಂದು. ಒಳ್ಳೆಯದೇ. ಆದ್ರೆ ಗಡುವು ಕಡಿಮೆಯಾದಷ್ಟೂ ಬೇಗ ‘ಮುಕ್ತಾಯ’ ಮಾಡುವ ಒತ್ತಡ ಹೆಚ್ಚುತ್ತದೆ. ಪರಿಶಿಷ್ಟ ಭಾಷೆ ಅಂದಾಗ ನಮ್ಮ ಜಿಲ್ಲೆಯ ತುಳು ಹೊರಗೇ ಉಳಿಯುತ್ತದೆ.

ಹಾಗಾದ್ರೆ ಸುಲಭ ಅಂದ್ರೆ ಏನು? ಹೇಳಿದ್ದು ಹೇಳಿದ ಹಾಗೆ ತಲುಪಬೇಕು. ದೂರುದಾರರ ಮೂಲ ಮಾತನ್ನು, ಬೇಕಾದ್ರೆ ಧ್ವನಿಯಲ್ಲೇ, ಕಡತದಲ್ಲಿ ಉಳಿಸಬೇಕು. ಅನುವಾದ ಅದರ ಪಕ್ಕದಲ್ಲಿರಲಿ, ಅದರ ಜಾಗದಲ್ಲಿ ಬೇಡ. ಪಟ್ಟಿಯಲ್ಲಿ ‘ಇದು ಯಾವುದೂ ಅಲ್ಲ’ ಅನ್ನಲಿಕ್ಕೆ ಅವಕಾಶ ಬೇಕು, ಯಾವ ಇಲಾಖೆ ಅಂತ ಹುಡುಕುವ ಹೊಣೆ ಸರಕಾರದ್ದಾಗಬೇಕು. ಮುಚ್ಚುವ ಮೊದಲು ಒಮ್ಮೆ ಫೋನು ಮಾಡಿ ಅವರ ಭಾಷೆಯಲ್ಲೇ ಕೇಳಬೇಕು. ನಮ್ಮ ವಿಷಯದಲ್ಲಿ ಅಂಥ ಒಂದು ಫೋನು ಬಂದಿದ್ರೆ ಎರಡೇ ನಿಮಿಷದಲ್ಲಿ ಗೊಂದಲ ಪರಿಹಾರ ಆಗ್ತಿತ್ತು.

ಎರಡನೆಯ ಸಲ ಕನ್ನಡದಲ್ಲೇ ಬರೆದೆವು. ದೊಡ್ಡಮ್ಮನ ಮಾತು ಹಾಗೇ ಮೇಲೆ, ಕೆಳಗೆ ಮಲಯಾಳದ ಸಾರಾಂಶ. ‘ಸಂಕ’ಕ್ಕೆ ಪರ್ಯಾಯ ಪದ ಹಾಕಲಿಲ್ಲ, ಎರಡು ಅಡಿಕೆ ಮರದ ಕಾಲುದಾರಿ ಅಂತ ವಿವರಿಸಿದೆ, ಫೋಟೋ ಜೋಡಿಸಿದೆ. ಕಳಿಸುವ ಮೊದಲು ಪೂರ್ತಿ ಓದಿ ಹೇಳಿದೆ. ಹೊಸ ಸಂಖ್ಯೆ ಈಗ ಕ್ಯಾಲೆಂಡರಿನಲ್ಲಿ ಹಳೆಯದರ ಕೆಳಗಿದೆ, ಉತ್ತರ ಇನ್ನೂ ಬಂದಿಲ್ಲ. ನಾನು ಇಲ್ಲಿಗೆ ನಿಲ್ಲಿಸ್ತೇನೆ. ಹೊಸೂರು, ತಾಳವಾಡಿ, ಆದೋನಿ ಕಡೆಯವರು ಯಾರಾದ್ರೂ ಇದ್ರೆ, ನಿಮ್ಮಲ್ಲಿ ಅರ್ಜಿ ಬರೆಯುವಾಗ ಯಾವ ಪದ ದಾರಿಯಲ್ಲಿ ಬಿದ್ದುಹೋಗ್ತದೆ ಅಂತ ಚರ್ಚೆಯಲ್ಲಿ ತಿಳಿಸಿ.